ಕವಿಶೈಲದ ಫೋಟೊದಲ್ಲಿ ಕಾಣದ ಮಲೆನಾಡು

ನಮಸ್ಕಾರ. ಶಿವಮೊಗ್ಗದ ವಿಮಾನ ನಿಲ್ದಾಣಕ್ಕೆ ಮೊದಲು ಕೇಳಿಬಂದದ್ದು ಯಡಿಯೂರಪ್ಪನವರ ಹೆಸರು. ತಮ್ಮ ಹೆಸರು ಬೇಡವೆಂದು ಅವರೇ ಹೇಳಿದ ಮೇಲೆ ಕುವೆಂಪು ಹೆಸರು ನಿಶ್ಚಯವಾಗಿ, 2023ರ ಫೆಬ್ರುವರಿಯಲ್ಲಿ ನಿಲ್ದಾಣ ಉದ್ಘಾಟನೆಯಾಯಿತು. ಯಾವ ಪಕ್ಷದವರೂ ಬೇಡವೆನ್ನಲಾಗದ ಹೆಸರು ಅದು. ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೂ ಶಿವಮೊಗ್ಗದ ರಂಗಮಂದಿರಕ್ಕೂ ಅದೇ ಹೆಸರಿದೆ. ಮಲೆನಾಡು ಹೊರಗಿನವರಿಗೆ ತನ್ನ ಗುರುತು ಹೇಳುವುದೇ ಕುವೆಂಪು ಮೂಲಕ. ಇದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರಿರುವುದು, ನಾವು ಗುರುತಿಗೆಂದು ಆರಿಸಿಕೊಂಡಿರುವುದು ಯಾವ ಕುವೆಂಪುವನ್ನು ಎಂಬುದರ ಬಗ್ಗೆ.

ಕಳೆದ ಸಲ ಕುವೆಂಪು ಅವರ ಊರಾದ ಕುಪ್ಪಳಿಗೆ ಹೋದಾಗ, ಅಲ್ಲಿನ ಗುಡ್ಡ ಕವಿಶೈಲದ ಕಲ್ಲುಕಂಬಗಳ ನಡುವೆ ಶಾಲಾ ಪ್ರವಾಸದ ಮಕ್ಕಳು ಸಾಲಾಗಿ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. "ಪ್ರಕೃತಿ ಕವಿ ಅಂತ ಬರೆದುಕೊಳ್ಳಿ" ಎಂದರು ಮೇಷ್ಟ್ರು. ಮಕ್ಕಳು ಬರೆದುಕೊಂಡರು. ಸುಳ್ಳೇನಲ್ಲ. ಆದರೆ ಅದೇ ಕಾಡು, ಅದೇ ಮಳೆ, ಅದೇ ತುಂಗೆಯ ದಂಡೆಯ ಕಥೆಯಾದ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯನ್ನು 1967ರಲ್ಲಿ ಹೊರತಂದವರೂ ಇವರೇ. ಹೆಗ್ಗಡೆಯ ಜೀತದಾಳು ನಾಯಿಗುತ್ತಿ ತಾನು ಮೆಚ್ಚಿದ ತಿಮ್ಮಿಯನ್ನು ಕರೆದುಕೊಂಡು ಓಡಿಹೋಗಬೇಕಾದ, ಒಡೆಯರ ಮಾತು ಮೀರಿದವನ ಬೆನ್ನಿಗೆ ಬಾರುಕೋಲು ಬೀಳುವ ಮಲೆನಾಡು ಅಲ್ಲಿದೆ. ಸ್ವತಃ ಜಮೀನ್ದಾರಿ ಮನೆತನದಲ್ಲಿ ಬೆಳೆದವರು ಆ ಚಾವಡಿಗಳ ದರ್ಪವನ್ನು ಹೀಗೆ ಬಯಲಿಗಿಟ್ಟರು ಎಂಬುದೇ ನನ್ನ ಪಾಲಿಗೆ ದೊಡ್ಡ ಸಂಗತಿ. ಕುಪ್ಪಳಿಯ ಅವರ ಮನೆ, ಕವಿಮನೆಯ ನುಣುಪಾದ ಮರದ ಕಂಬಗಳನ್ನು ಸವರಿ ಮೆಚ್ಚುವ ನಾವು, ಅಷ್ಟು ತೂಕದ ಮರವನ್ನು ಕಾಡಿನಿಂದ ಹೊತ್ತು ತಂದವರ ಹೆಸರು ಕೇಳುವುದಿಲ್ಲ. ಗುತ್ತಿಯನ್ನು ಕಾದಂಬರಿಯ ಮೊದಲ ಪುಟದಲ್ಲೇ ನಿಲ್ಲಿಸಿದವರು ಕೇಳಿದ್ದರು.

ಹೋಂಸ್ಟೇ ಫಲಕಕ್ಕೆ ಈ ಕುವೆಂಪು ಒದಗುವುದಿಲ್ಲ, ಬಿಡಿ. ಜಾತಿಯ ಸಮಾವೇಶಕ್ಕೂ ಒದಗಬಾರದಿತ್ತು, ಆದರೂ ಜಾತಿ ಮತಗಳನ್ನು ಮೀರಿ ನಿಲ್ಲಿರೆಂಬ ವಿಶ್ವಮಾನವ ಸಂದೇಶ ಕೊಟ್ಟವರ ಭಾವಚಿತ್ರ ಅಂಥ ವೇದಿಕೆಗಳ ಮೇಲೆ ತಪ್ಪದೆ ಇರುತ್ತದೆ.

1966ರಲ್ಲಿ ಮಗ ತೇಜಸ್ವಿಯವರ ಮದುವೆ ಕುಪ್ಪಳಿಯಲ್ಲಿ ಪುರೋಹಿತರಿಲ್ಲದೆ, ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಯಿತು. ಆ ಪದ್ಧತಿಯನ್ನು ರೂಪಿಸಿದವರು ಕುವೆಂಪು. ಹೋದ ತಿಂಗಳು ತೀರ್ಥಹಳ್ಳಿ ಕಡೆಯ ನೆಂಟರೊಬ್ಬರು ಲಗ್ನಪತ್ರಿಕೆ ಕೊಟ್ಟು ಹೋದರು. ಮೇಲ್ತುದಿಯಲ್ಲಿ ಹೊಂಬಣ್ಣದ ಅಕ್ಷರದಲ್ಲಿ ಕುವೆಂಪು ಅವರ ಎರಡು ಸಾಲು. ಅದರ ಕೆಳಗೆ ಅಭಿಜಿನ್ ಲಗ್ನದ ಸಮಯ, ಕಲ್ಯಾಣಮಂಟಪದ ವಿಳಾಸ, ಹಿಂದಿನ ರಾತ್ರಿಯ ವಾದ್ಯಗೋಷ್ಠಿಯ ವಿವರ. ಮದುವೆಗೆ ಹೋಗಿದ್ದೆ. ಹೋಳಿಗೆ ಚೆನ್ನಾಗಿತ್ತು.