ಒಂದೇ ಕೀಲಿಗೆ ಎಷ್ಟು ಬೀಗ?

ಕೇಳುಗರಿಗೆ ನಮಸ್ಕಾರ.

ಪಾಸ್‌ವರ್ಡ್ ಕಳ್ಳ ಅಂದರೆ ನಮ್ಮ ಹೆಸರು, ಮಕ್ಕಳ ಹೆಸರು, ಹುಟ್ಟಿದ ದಿನ ಎಂದು ಒಂದೊಂದೇ ಊಹಿಸುತ್ತ ಕೂತವನು ಎಂಬ ಚಿತ್ರ ಬಹಳ ಮಂದಿಯ ತಲೆಯಲ್ಲಿದೆ. ಅಷ್ಟು ಪುರುಸೊತ್ತು ಅವನಿಗೆಲ್ಲಿ? ಅವನ ಕೈಯಲ್ಲಿರುವುದು ಪಟ್ಟಿ. ಯಾವುದೋ ತಾಣದಿಂದ ಎಂದೋ ಕಳುವಾದ ಇ-ಮೇಲ್ ವಿಳಾಸ ಮತ್ತು ಪಾಸ್‌ವರ್ಡ್‌ಗಳ ಜೋಡಿಗಳು, ಲಕ್ಷಗಟ್ಟಲೆ. ಆ ಜೋಡಿಗಳನ್ನು ಒಂದು ಪ್ರೋಗ್ರಾಂ ಬೇರೆ ಬೇರೆ ತಾಣಗಳ ಲಾಗಿನ್ ಪುಟಕ್ಕೆ ಒಂದರ ಹಿಂದೊಂದು ಹಾಕಿ ನೋಡುತ್ತದೆ. ತೆರೆದರೆ ಗುರುತು ಹಾಕಿಕೊಳ್ಳುತ್ತದೆ, ತೆರೆಯದಿದ್ದರೆ ಮುಂದಿನದಕ್ಕೆ ಹೋಗುತ್ತದೆ. ಸಾವಿರಕ್ಕೆ ಒಂದು ತೆರೆದರೂ ಅವನಿಗೆ ಲಾಭವೇ. ಇಲ್ಲಿ ನಿಮ್ಮ ಕಡೆಯಿಂದ ಆದ ತಪ್ಪು ಒಂದೇ: ಎರಡು ಕಡೆ ಒಂದೇ ಪಾಸ್‌ವರ್ಡ್ ಇಟ್ಟದ್ದು.

2012ರಲ್ಲಿ ಲಿಂಕ್ಡ್‌ಇನ್ ತಾಣದಿಂದ ಪಾಸ್‌ವರ್ಡ್‌ಗಳು ಕಳುವಾದವು. ಆಗ ಹೊರಗೆ ಕಂಡದ್ದು ಸುಮಾರು 65 ಲಕ್ಷ. 2016ರಲ್ಲಿ ಅದೇ ಕಳ್ಳಮಾಲು ಮಾರಾಟಕ್ಕೆ ಬಂದಾಗ ಅದರಲ್ಲಿ ಸುಮಾರು 11.7 ಕೋಟಿ ಖಾತೆಗಳ ಪಾಸ್‌ವರ್ಡ್‌ಗಳಿದ್ದವು. ನಡುವಿನ ನಾಲ್ಕು ವರ್ಷ ಆ ಪಟ್ಟಿ ಯಾರ ಯಾರ ಕೈ ದಾಟಿತೋ. ಅದೇ 2012ರಲ್ಲಿ ಡ್ರಾಪ್‌ಬಾಕ್ಸ್ ಕಂಪನಿಗೂ ಪೆಟ್ಟು ಬಿತ್ತು. ಬೇರೆ ತಾಣಗಳಿಂದ ಕದ್ದ ಪಾಸ್‌ವರ್ಡ್‌ಗಳು ಅದರ ಕೆಲವು ಗ್ರಾಹಕರ ಖಾತೆಗಳನ್ನು ತೆರೆದವು. ಕದ್ದ ಪಾಸ್‌ವರ್ಡ್ ಒಂದರಿಂದ ಅಲ್ಲಿನ ನೌಕರರೊಬ್ಬರ ಖಾತೆಗೂ ಕಳ್ಳರು ನುಗ್ಗಿದರು. ಕಂಪ್ಯೂಟರನ್ನೇ ಕಸುಬು ಮಾಡಿಕೊಂಡವರ ಪಾಡೇ ಹೀಗಿರುವಾಗ ಉಳಿದವರನ್ನು ದೂರುವುದು ನ್ಯಾಯವಲ್ಲ.

ನಿಮ್ಮ ವಿಳಾಸ ಇಂಥ ಪಟ್ಟಿಯಲ್ಲಿದೆಯೇ ಎಂದು ನೋಡಿಕೊಳ್ಳಬಹುದು. 'ಹ್ಯಾವ್ ಐ ಬೀನ್ ಪೌನ್ಡ್' ಎಂಬ ತಾಣವಿದೆ, ಆಸ್ಟ್ರೇಲಿಯಾದ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ್ದು. ಅಲ್ಲಿ ಇ-ಮೇಲ್ ವಿಳಾಸ ಕೊಟ್ಟರೆ ಯಾವ ತಾಣದ ಕಳವಿನಲ್ಲಿ, ಯಾವಾಗ ನಿಮ್ಮ ವಿಳಾಸ ಸಿಕ್ಕಿತು ಎಂದು ತೋರಿಸುತ್ತದೆ. ಹೆಸರು ಬಂದ ತಾಣದ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಅದೇ ಪಾಸ್‌ವರ್ಡನ್ನು ಇನ್ನೆಲ್ಲೆಲ್ಲಿ ಇಟ್ಟಿದ್ದೀರೋ ಅಲ್ಲೆಲ್ಲ ಬದಲಿಸಬೇಕು. ಏನೂ ಸಿಗಲಿಲ್ಲವೆಂದರೆ ಕಳುವಾಗಿಲ್ಲ ಎಂದಲ್ಲ, ಆ ಪಟ್ಟಿ ಇನ್ನೂ ಹಂಟ್ ಅವರ ಕೈಗೆ ಬಂದಿಲ್ಲದಿರಬಹುದು.

ಈಗ ಪಾಸ್‌ವರ್ಡಿನ ಉದ್ದದ ಮಾತು. ಒಳ್ಳೆಯ ತಾಣಗಳು ನಿಮ್ಮ ಪಾಸ್‌ವರ್ಡನ್ನು ಇದ್ದಂತೆಯೇ ಬರೆದಿಡುವುದಿಲ್ಲ, ಹ್ಯಾಶ್ ಮಾಡಿ, ಅಂದರೆ ಲೆಕ್ಕ ಹಾಕಿ ಗುರುತು ಸಿಗದ ಅಕ್ಷರಗಳ ಸಾಲಾಗಿಸಿ, ಇಡುತ್ತವೆ. ಬೀಸಿದ ಹಿಟ್ಟು ಮತ್ತೆ ಕಾಳಾಗದು, ಹಾಗೆ. ಆದರೆ ಕಳ್ಳ ಸಿಕ್ಕಸಿಕ್ಕ ಪದಗಳನ್ನೆಲ್ಲ ತಾನೇ ಬೀಸಿ, ಬಂದ ಹಿಟ್ಟು ಕದ್ದ ಹಿಟ್ಟಿಗೆ ಹೋಲುತ್ತದೆಯೇ ಎಂದು ನೋಡಬಲ್ಲ. ಹಳೆಯ ಬಗೆಯ ಹ್ಯಾಶ್ ಆಗಿದ್ದರೆ ಒಂದೇ ಒಂದು ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸಾವಿರ ಕೋಟಿ ಸಲ ಹೀಗೆ ನೋಡುತ್ತದೆ. ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಎಂಟಕ್ಷರದ ಪಾಸ್‌ವರ್ಡ್ ಇದೆಯೆನ್ನಿ. ಒಟ್ಟು ಸಾಧ್ಯತೆ ಸುಮಾರು 20,882 ಕೋಟಿ. ಆ ವೇಗಕ್ಕೆ 21 ಸೆಕೆಂಡಿನ ಕೆಲಸ. ಕೊನೆಗೆ ಒಂದು ಆಶ್ಚರ್ಯಸೂಚಕ ಚಿಹ್ನೆ, ಮೊದಲಕ್ಷರ ದೊಡ್ಡದು, 'ಎ' ಇದ್ದಲ್ಲಿ 'ಅಟ್' ಗುರುತು. ಇಂಥ ಜಾಣತನವನ್ನೆಲ್ಲ ಕಳ್ಳರ ಪ್ರೋಗ್ರಾಂಗಳು ಎಂದೋ ಕಲಿತಿವೆ.

ಇದಕ್ಕಿಂತ ಗಟ್ಟಿಯಾದದ್ದು ಪದಗಳ ಸಾಲು. 7,776 ಪದಗಳ ಒಂದು ಪಟ್ಟಿಯಿಂದ ದಾಳ ಉರುಳಿಸಿ ಪದ ಆರಿಸುವ ವಿಧಾನವೊಂದು 1995ರಿಂದ ಇದೆ, ಡೈಸ್‌ವೇರ್ ಎಂದು ಹೆಸರು. ಐದು ಸಲ ದಾಳ ಹಾಕಿದರೆ ಒಂದು ಪದ. ಹೀಗೆ ನಾಲ್ಕು ಪದ ಆರಿಸಿದರೆ, ಈಗ ಹೇಳಿದ ವೇಗಕ್ಕೆ ನಾಲ್ಕು ದಿನ ಚಿಲ್ಲರೆ ತಡೆಯುತ್ತದೆ. ಐದಾದರೆ ಸುಮಾರು 90 ವರ್ಷ. ಆರಾದರೆ ಏಳು ಲಕ್ಷ ವರ್ಷ. ಒಂದೊಂದು ಪದಕ್ಕೂ ಎಷ್ಟು ಅಂತರ ನೋಡಿ. ಕನ್ನಡದ ಪದಗಳನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡರೂ ನಡೆಯುತ್ತದೆ, ಆದರೆ ಆಯ್ಕೆ ನಿಮ್ಮ ಮನಸ್ಸಿನದಾಗಬಾರದು. ದಪ್ಪ ನಿಘಂಟನ್ನು ಕಣ್ಣುಮುಚ್ಚಿ ಆರು ಸಲ ತೆರೆದು, ಬೆರಳು ಬಿದ್ದ ಪದ ತೆಗೆದುಕೊಳ್ಳಿ. ಸುಣ್ಣ, ಕೊಕ್ಕರೆ, ತಕರಾರು, ಏಣಿ, ಹಬೆ, ನೊಗ ಎಂದು ಬಂತೆನ್ನಿ. ಇಂಥ ಸಾಲು ನಗು ತರಿಸುತ್ತದೆ, ಅದಕ್ಕೇ ನೆನಪಿನಲ್ಲೂ ನಿಲ್ಲುತ್ತದೆ. (ಇದೇ ಸಾಲನ್ನು ಇಡಬೇಡಿ, ಬಾನುಲಿಯಲ್ಲಿ ಊರಿಗೆಲ್ಲ ಕೇಳಿಸಿಯಾಯಿತು.) ಗಾದೆ, ಹಾಡಿನ ಸಾಲು, ಶ್ಲೋಕ ಬೇಡ. ನಿಮ್ಮ ಬಾಯಿಗೆ ಬರುವುದು ಇನ್ನೊಬ್ಬರ ಬಾಯಿಗೂ ಬರುತ್ತದೆ.

ಐವತ್ತು ಖಾತೆಗೆ ಐವತ್ತು ಸಾಲು ನೆನಪಿಡುವುದು ಮನುಷ್ಯರಿಂದ ಆಗದ ಕೆಲಸ, ಅದಕ್ಕಾಗಿ ಹೆಣಗಬೇಡಿ. ಬಿಟ್‌ವಾರ್ಡನ್, ಕೀಪಾಸ್ ಮೊದಲಾದ ಪಾಸ್‌ವರ್ಡ್ ಮ್ಯಾನೇಜರ್‌ಗಳಿವೆ. ಅದಕ್ಕೊಂದು ಆರು ಪದದ ಸಾಲು, ಇ-ಮೇಲ್‌ಗೆ ಇನ್ನೊಂದು. ಎರಡು ನೆನಪಿಟ್ಟರೆ ಸಾಕು, ಉಳಿದದ್ದನ್ನು ಅದೇ ಇಪ್ಪತ್ತು ಅಕ್ಷರದ ಗೋಜಲಾಗಿ ಹುಟ್ಟಿಸಿ ಇಟ್ಟುಕೊಳ್ಳುತ್ತದೆ. ಕಂಪ್ಯೂಟರಿನ ಸಹವಾಸವೇ ಬೇಡ ಎನ್ನುವ ಹಿರಿಯರು ಒಂದು ಪುಸ್ತಕದಲ್ಲಿ ಬರೆದು ಮನೆಯೊಳಗೆ ಇಟ್ಟುಕೊಳ್ಳಲಿ. ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಆದರೆ ಸಾವಿರಾರು ಮೈಲಿ ಆಚೆ ಕೂತ ಕಳ್ಳನ ಕೈ ನಿಮ್ಮ ಬೀರುವಿಗೆ ಎಟುಕುವುದಿಲ್ಲ. ಮೂರು ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು ಎಂಬ ಹಳೆಯ ಕಟ್ಟಳೆಯನ್ನೂ ಬಿಡಬಹುದು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲೇ ಅದನ್ನು ಕೈಬಿಟ್ಟಿದೆ. ಪದೇ ಪದೇ ಬದಲಿಸಿ ಎಂದರೆ ಜನ ಕೊನೆಯ ಅಂಕಿಯನ್ನು ಒಂದರಿಂದ ಎರಡು ಮಾಡುತ್ತಾರೆ, ಅಷ್ಟೇ. ಕಳುವಾಗಿದೆ ಎಂಬ ಅನುಮಾನ ಬಂದಾಗ ಮಾತ್ರ, ಅದೂ ತಕ್ಷಣ, ಬದಲಿಸಬೇಕು.

ಇ-ಮೇಲ್‌ಗೆ ಬೇರೆ ಸಾಲು ಅಂದೆ. ಯಾಕೆಂದರೆ ಅದು ಬೀಗದ ಕೈಗಳ ಗೊಂಚಲು. ಬ್ಯಾಂಕು, ಅಂಗಡಿ, ಸಾಮಾಜಿಕ ಜಾಲತಾಣ, ಯಾವುದರಲ್ಲೇ 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತಿದರೂ ಸಾಮಾನ್ಯವಾಗಿ ಹೊಸ ಕೀಲಿ ಬಂದು ಬೀಳುವುದು ಇ-ಮೇಲ್ ಪೆಟ್ಟಿಗೆಗೇ. ಆ ಪೆಟ್ಟಿಗೆ ಕೈಗೆ ಬಂದವನಿಗೆ ಉಳಿದ ಪಾಸ್‌ವರ್ಡ್‌ಗಳು ಬೇಕಾಗಿಯೇ ಇಲ್ಲ. ಬ್ಯಾಂಕಿನ ಖಾತೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವವರೂ ಇ-ಮೇಲ್ ಬಗ್ಗೆ ಉದಾಸೀನ ಮಾಡುವುದು ನೋಡಿದರೆ, ಮುಂಬಾಗಿಲಿಗೆ ಉಕ್ಕಿನ ಅಗುಳಿ ಹಾಕಿ ಹಿತ್ತಿಲ ಬಾಗಿಲನ್ನು ಹಾರುಹೊಡೆದಂತೆ.

ಜಾಣ ಕಳ್ಳ ಒಳಗೆ ಬಂದ ಕೂಡಲೇ ಪಾಸ್‌ವರ್ಡ್ ಬದಲಿಸುವುದಿಲ್ಲ. ಬದಲಿಸಿದರೆ ನಿಮಗೆ ಗೊತ್ತಾಗುತ್ತದಲ್ಲ! ಅವನು ಸದ್ದಿಲ್ಲದೆ ಎರಡು ಕೆಲಸ ಮಾಡುತ್ತಾನೆ. ಬರುವ ಪತ್ರಗಳ ನಕಲು ತನ್ನ ವಿಳಾಸಕ್ಕೂ ಹೋಗುವಂತೆ ಫಾರ್ವರ್ಡಿಂಗ್ ಇಡುತ್ತಾನೆ. ಬ್ಯಾಂಕಿನ ಹೆಸರೋ 'ಪಾಸ್‌ವರ್ಡ್' ಎಂಬ ಪದವೋ ಇರುವ ಪತ್ರ ನೇರ ಕಸದ ಬುಟ್ಟಿಗೆ ಹೋಗುವಂತೆ ಫಿಲ್ಟರ್ ಕಟ್ಟುತ್ತಾನೆ. ಎಚ್ಚರಿಕೆಯ ಪತ್ರ ಬಂದದ್ದೂ ನಿಮಗೆ ತಿಳಿಯುವುದಿಲ್ಲ. ನೀವು ಆಮೇಲೆ ಪಾಸ್‌ವರ್ಡ್ ಬದಲಿಸಿದರೂ ಈ ಎರಡು ಹಾಗೇ ಉಳಿಯಬಹುದು.

ಹಾಗಾಗಿ ಅನುಮಾನ ಬಂದರೆ ಕ್ರಮ ಹೀಗಿರಲಿ. ನಿಮ್ಮ ಕಂಪ್ಯೂಟರಿಗೇ ಏನೋ ಹೊಕ್ಕಿದೆ ಎನಿಸಿದರೆ ಮೊದಲು ಬೇರೆ ಶುದ್ಧವಾದ ಸಾಧನ ಹುಡುಕಿಕೊಳ್ಳಿ. ಕಳ್ಳ ನೋಡುತ್ತಿರುವಾಗಲೇ ಹೊಸ ಪಾಸ್‌ವರ್ಡ್ ಒತ್ತಿ ಪ್ರಯೋಜನವಿಲ್ಲ. ಅಲ್ಲಿಂದ ಇ-ಮೇಲ್ ಪಾಸ್‌ವರ್ಡ್ ಬದಲಿಸಿ, ಉಳಿದ ಎಲ್ಲ ಸಾಧನಗಳಿಂದ ಲಾಗೌಟ್ ಮಾಡಿಸಿ. ಆಮೇಲೆ ಮರುಪಡೆಯಲು ಕೊಟ್ಟ ಫೋನ್ ನಂಬರು, ಇನ್ನೊಂದು ಇ-ಮೇಲ್ ವಿಳಾಸ ನಿಮ್ಮವೇ ತಾನೇ ಎಂದು ನೋಡಿ. ಜಿಮೇಲ್ ಆದರೆ ಕಂಪ್ಯೂಟರಿನ ಬ್ರೌಸರಿನಲ್ಲಿ ತೆರೆಯಿರಿ, ಮೊಬೈಲ್ ಆ್ಯಪಿನಲ್ಲಿ ಫಾರ್ವರ್ಡಿಂಗ್ ಕಾಣುವುದಿಲ್ಲ. ಬಲಗಡೆ ಮೇಲಿರುವ ಗಾಲಿಯ ಗುರುತು ಒತ್ತಿ ಎಲ್ಲ ಸೆಟ್ಟಿಂಗ್ಸ್‌ಗೆ ಹೋಗಿ, ಫಿಲ್ಟರ್‌ಗಳ ಪುಟ ಮತ್ತು ಫಾರ್ವರ್ಡಿಂಗ್ ಪುಟ ಎರಡನ್ನೂ ನೋಡಿ. ನೀವು ಇಡದ್ದು ಇದ್ದರೆ ಅಳಿಸಿ. ಇನ್‌ಬಾಕ್ಸಿನ ತೀರ ಕೆಳಗೆ ಬಲಮೂಲೆಯಲ್ಲಿ 'ಡೀಟೇಲ್ಸ್' ಎಂಬ ಸಣ್ಣ ಅಕ್ಷರವಿರುತ್ತದೆ. ಒತ್ತಿದರೆ ಇತ್ತೀಚೆಗೆ ಯಾವ ಹೊತ್ತಿಗೆ, ಯಾವ ದೇಶದಿಂದ ಖಾತೆ ತೆರೆದಿದೆ ಎಂಬ ಪಟ್ಟಿ ಬರುತ್ತದೆ. ನಿಮ್ಮ ಖಾತೆಗೆ ಜೋಡಿಸಿದ ಹೊರಗಿನ ಆ್ಯಪ್‌ಗಳನ್ನೂ ಜಾಲಾಡಿ, ಗುರುತು ಸಿಗದದ್ದನ್ನು ಕಿತ್ತುಹಾಕಿ. ಇಷ್ಟಾದ ಮೇಲೆ ಬ್ಯಾಂಕಿನಿಂದ ಶುರು ಮಾಡಿ ಮಿಕ್ಕ ಪಾಸ್‌ವರ್ಡ್‌ಗಳು. ಇ-ಮೇಲ್ ಭದ್ರವಾಗುವ ಮೊದಲೇ ಉಳಿದವನ್ನು ಬದಲಿಸಲು ಹೊರಟರೆ ಅವನ ಕಣ್ಣೆದುರೇ ಬದಲಿಸಿದ ಹಾಗೆ.

ಇನ್ನೊಂದು ಲಕ್ಷಣ: ಇದ್ದಕ್ಕಿದ್ದಂತೆ ಒಂದೇ ಗಂಟೆಯಲ್ಲಿ ನೂರಾರು ತಾಣಗಳಿಂದ 'ನೋಂದಾಯಿಸಿದ್ದಕ್ಕೆ ಧನ್ಯವಾದ' ಎಂಬ ಪತ್ರಗಳ ಮಳೆ ಸುರಿದರೆ, ಬೇಸರಪಟ್ಟು ಒಟ್ಟಿಗೆ ಅಳಿಸಿಬಿಡಬೇಡಿ. ಆ ರಾಶಿಯ ಅಡಿಯಲ್ಲಿ ಹಣ ಹೋದದ್ದರ ಪತ್ರ ಒಂದು ಇರಬಹುದು. ಅದು ನಿಮ್ಮ ಕಣ್ಣಿಗೆ ಬೀಳದಿರಲೆಂದೇ ಆ ಮಳೆ.

ಒಟಿಪಿ ಇದೆಯಲ್ಲ, ಮತ್ತೇಕೆ ಭಯ ಎನ್ನುವವರುಂಟು. ಒಟಿಪಿ ಖಂಡಿತ ಬೇಕು. ಪಟ್ಟಿ ಹಿಡಿದು ಬರುವ ಪ್ರೋಗ್ರಾಂ ಅಲ್ಲೇ ನಿಂತುಹೋಗುತ್ತದೆ. ಆದರೆ ಎಸ್ಸೆಮ್ಮೆಸ್ಸಿನಲ್ಲಿ ಬರುವ ಒಟಿಪಿ ನಿಮ್ಮ ನಂಬರಿಗೆ ಬರುತ್ತದೆಯೇ ಹೊರತು ನಿಮಗಲ್ಲ. ಕಳ್ಳ ಮೊಬೈಲ್ ಕಂಪನಿಯವರನ್ನು ನಂಬಿಸಿ ನಿಮ್ಮ ನಂಬರಿಗೆ ಹೊಸ ಸಿಮ್ ಪಡೆದರೆ ಒಟಿಪಿ ಅವನ ಫೋನಿಗೆ ಹೋಗುತ್ತದೆ. ನಿಮ್ಮ ಫೋನಿನಲ್ಲಿ ಸಿಗ್ನಲ್ ಸತ್ತು, ಪಕ್ಕದವರದು ಸರಿಯಿದ್ದರೆ ಬೇರೆ ಫೋನಿನಿಂದ ಆ ಕಂಪನಿಗೆ ಕರೆ ಮಾಡಿ. ಅಥೆಂಟಿಕೇಟರ್ ಆ್ಯಪ್ ಇದಕ್ಕಿಂತ ಮೇಲು. 30 ಸೆಕೆಂಡಿಗೊಂದು ಆರಂಕಿ ಸಂಖ್ಯೆಯನ್ನು ಫೋನೇ ಲೆಕ್ಕ ಹಾಕಿ ತೋರಿಸುತ್ತದೆ, ಸಿಮ್ ಬೇಡ, ನೆಟ್‌ವರ್ಕ್ ಬೇಡ.

ಇವೆರಡನ್ನೂ ಸೋಲಿಸುವ ಉಪಾಯವಿದೆ. ಕಳ್ಳ ಕಳಿಸಿದ ಲಿಂಕ್ ತೆರೆದರೆ ಬರುವ ಪುಟ ಥೇಟ್ ನಿಜವಾದದ್ದೇ. ನೀವು ಒತ್ತಿದ್ದನ್ನು ಅದು ಆ ಕ್ಷಣವೇ ನಿಜವಾದ ತಾಣಕ್ಕೆ ದಾಟಿಸುತ್ತದೆ. ನಿಜವಾದ ತಾಣ ನಿಜವಾದ ಒಟಿಪಿ ಕಳಿಸುತ್ತದೆ, ಅದನ್ನೂ ನೀವೇ ಒತ್ತುತ್ತೀರಿ, ಅದೂ ದಾಟುತ್ತದೆ. ಲಾಗಿನ್ ಆದವನು ಅವನು. ಇದನ್ನು ತಡೆಯುವುದು ವಿಳಾಸವೊಂದೇ. ಒಂದು ವಿಳಾಸ ಓದುತ್ತೇನೆ, ಕೇಳಿ: ಲಾಗಿನ್ ಡಾಟ್ ನಿಮ್ಮಬ್ಯಾಂಕ್ ಡಾಟ್ ಕಾಮ್ ಡಾಟ್ ಪರಿಶೀಲನೆ ಡಾಟ್ ನೆಟ್, ಆಮೇಲೆ ಒಂದು ಓರೆಗೆರೆ. ಎಡದಿಂದ ಓದಿದರೆ ಬ್ಯಾಂಕು ಎನಿಸುತ್ತದೆ. ಆದರೆ ವಿಳಾಸದ ಶುರುವಿನಲ್ಲಿ ಎಚ್‌ಟಿಟಿಪಿಎಸ್ ಆದಮೇಲೆ ಜೋಡಿ ಓರೆಗೆರೆ ಇದ್ದರೆ ಅದನ್ನು ಬಿಟ್ಟು, ಆಮೇಲೆ ಬರುವ ಒಂಟಿ ಓರೆಗೆರೆಯಿಂದ ಹಿಂದಕ್ಕೆ ಓದಿ: ನೆಟ್, ಪರಿಶೀಲನೆ. ಒಡೆಯ ಪರಿಶೀಲನೆ ಡಾಟ್ ನೆಟ್. ಎಡಗಡೆಯ ಬ್ಯಾಂಕಿನ ಹೆಸರು ಅವನೇ ಬರೆದುಕೊಂಡ ನಾಮಫಲಕ. ಪಕ್ಕದಲ್ಲಿ ಬೀಗದ ಚಿತ್ರ ಕಂಡರೂ ನಂಬಬೇಡಿ. ನೀವು ಕಳಿಸಿದ್ದು ದಾರಿಯಲ್ಲಿ ಯಾರಿಗೂ ಕಾಣದು ಎಂದಷ್ಟೇ ಅದರ ಅರ್ಥ, ತಲುಪುವುದು ಕಳ್ಳನಿಗೇ ಇರಬಹುದು.

ಕಣ್ಣು ಮೋಸಹೋಗುತ್ತದೆ, ಅದರಲ್ಲೂ ಫೋನಿನ ಸಣ್ಣ ಪರದೆಯಲ್ಲಿ. ಪಾಸ್‌ವರ್ಡ್ ಮ್ಯಾನೇಜರ್ ಮೋಸಹೋಗದು. ವಿಳಾಸದಲ್ಲಿ ಒಂದಕ್ಷರ ತಪ್ಪಿದರೂ ಅದು ತಾನಾಗಿ ಪಾಸ್‌ವರ್ಡ್ ತುಂಬುವುದಿಲ್ಲ. ದಿನಾ ತುಂಬುತ್ತಿದ್ದದ್ದು ಇವತ್ತು ಸುಮ್ಮನಿದೆ ಎಂದರೆ ಅದನ್ನು ಬೈದು ಕೈಯಿಂದ ಒತ್ತಲು ಹೋಗಬೇಡಿ, ಮೊದಲು ವಿಳಾಸ ನೋಡಿ. ಪಾಸ್‌ವರ್ಡಿನ ಬದಲು ನಿಮ್ಮ ಫೋನೋ ಕಂಪ್ಯೂಟರೋ ಇಟ್ಟುಕೊಂಡ ಕೀಲಿಯಿಂದ ಲಾಗಿನ್ ಆಗುವ ಪಾಸ್‌ಕೀ ಎಂಬ ಹೊಸ ವಿಧಾನವೂ ಹೀಗೇ ತಾಣದ ವಿಳಾಸಕ್ಕೆ ಕಟ್ಟಿಹಾಕಿದ್ದು. ನಕಲಿ ಪುಟಕ್ಕೆ ಕೊಡೋಣವೆಂದರೂ ಕೊಡಲು ಏನೂ ಇರುವುದಿಲ್ಲ. ನಿಮ್ಮ ಇ-ಮೇಲ್ ಸೇವೆಯಲ್ಲಿ ಅದಿದ್ದರೆ ಮೊದಲು ಅಲ್ಲೇ ಹಾಕಿಕೊಳ್ಳಿ.

ಉಳಿದದ್ದು, ನಮ್ಮ ಬೀಗ ನಮ್ಮನ್ನೇ ಹೊರಗೆ ಹಾಕುವ ಫಜೀತಿ. ಫೋನ್ ನೀರಿಗೆ ಬಿದ್ದರೆ ಅಥೆಂಟಿಕೇಟರೂ ಅದರ ಜೊತೆ ಹೋಗಬಹುದು. ಪಾಸ್‌ವರ್ಡ್ ಆದಮೇಲೆ ಇಂಥ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಲಾಗಿನ್ ಹಾಕಿದಾಗ, ಫೋನಿಲ್ಲದ ಹೊತ್ತಿಗೆಂದು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತಾರೆ. ಗೂಗಲ್ ಆದರೆ ಎಂಟಂಕಿಯ ಹತ್ತು ಕೋಡ್, ಒಂದೊಂದೂ ಒಂದೇ ಸಲಕ್ಕೆ. ಅದರ ಚಿತ್ರ ತೆಗೆದು ಅದೇ ಫೋನಿನಲ್ಲಿಟ್ಟರೆ ಫೋನಿನ ಜೊತೆ ಅದೂ ಹೋಯಿತು. ಕಾಗದಕ್ಕೆ ಬರೆದು, ಮುಖ್ಯ ಕಾಗದಪತ್ರ ಇಡುವಲ್ಲಿ ಇಡಿ, ಬಳಸಿದ ಕೋಡಿಗೆ ಗೆರೆ ಎಳೆಯಿರಿ. ಹೊಸ ಫೋನ್ ತಂದಾಗ ಹಳೆಯದನ್ನು ಅಳಿಸುವ ಮೊದಲು ಅಥೆಂಟಿಕೇಟರನ್ನು ಹೊಸದಕ್ಕೆ ವರ್ಗಾಯಿಸಿ, ಒಮ್ಮೆ ಲಾಗೌಟ್ ಆಗಿ ಹೊಸ ಫೋನಿನ ಸಂಖ್ಯೆಯಿಂದಲೇ ಲಾಗಿನ್ ಆಗಿ ನೋಡಿ. ಅದು ತೆರೆದ ಮೇಲೆ ಹಳೆಯದನ್ನು ಅಳಿಸಿ.

ನಮಸ್ಕಾರ.