ಊಟ ಆಯ್ತಾ ಅಂತ 412 ಸಲ

ನಮಸ್ಕಾರ. 2024ರ ಅಕ್ಟೋಬರ್‌ನ ಒಂದು ರಾತ್ರಿ. ಶಿವಮೊಗ್ಗದ ನಮ್ಮ ಮನೆ. ಅಪ್ಪನ ಹಳೇ ಲ್ಯಾಪ್‌ಟಾಪ್ ಮುಂದೆ ನಾನು ಕೂತಿದ್ದೆ. ನನ್ನ ಗಂಡ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದರು. ನಮ್ಮಿಬ್ಬರ ವಾಟ್ಸಾಪ್ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಒಂದು ಮಾತು ಹುಡುಕಿದೆ. "ಊಟ ಆಯ್ತಾ". 412 ಸಲ ಬಂತು. ಆಮೇಲೆ ಸುಮ್ನೆ ಕುತೂಹಲಕ್ಕೆ "ಐ ಲವ್ ಯೂ" ಹುಡುಕಿದೆ. ಮೂರು. ಅದರಲ್ಲಿ ಒಂದು ಪ್ರೇಮಿಗಳ ದಿನಕ್ಕೆ ಬಂದಿದ್ದ ಫಾರ್ವರ್ಡ್.

ಹೊಟ್ಟೆಯಲ್ಲಿ ಸಣ್ಣಗೆ ಭಯ ಶುರುವಾಯಿತು. ಯಾಕೆಂದರೆ ಗಂಡನ ಹತ್ತಿರ ಹೋಗಲು ಹಾಕುವ ವೀಸಾ ಅರ್ಜಿಯ ಜೊತೆ ಈ ಚಾಟನ್ನು ಮುಖ ಪರಿಚಯವೇ ಇಲ್ಲದ ಒಬ್ಬ ಅಧಿಕಾರಿಗೆ ಕಳಿಸಬೇಕಿತ್ತು. ಅವರು ನಮ್ಮನ್ನು ಎಂದೂ ನೋಡಿಲ್ಲ. ಬಹುಶಃ ನೋಡುವುದೂ ಇಲ್ಲ. ಕಾಗದ ನೋಡಿ ತೀರ್ಮಾನ ಮಾಡುತ್ತಾರೆ. ಇವರಿಬ್ಬರು ನಿಜವಾಗಿ ಗಂಡ ಹೆಂಡತಿಯೋ, ವೀಸಾಕ್ಕೋಸ್ಕರ ತಾಳಿ ಕಟ್ಟಿಸಿಕೊಂಡವರೋ?

ಬ್ರಿಟನ್ನಿನ ನಿಯಮದಲ್ಲಿ ಇದಕ್ಕೆ ಒಂದು ಮಾತಿದೆ. "ಜೆನ್ಯುಯಿನ್ ಅಂಡ್ ಸಬ್‌ಸಿಸ್ಟಿಂಗ್". ಸಂಬಂಧ ನಿಜವಾದದ್ದಾಗಿರಬೇಕು, ಅದು ಈಗಲೂ ನಡೆಯುತ್ತಿರಬೇಕು. ಅಜ್ಜಿಗೆ ಇದನ್ನು ವಿವರಿಸಲು ಹೋದೆ. ಅವರಿಗೆ ಅರ್ಧ ನಿಮಿಷವೂ ಬೇಕಾಗಲಿಲ್ಲ. "ಸಂಸಾರ ನೆಟ್ಟಗೆ ನಡೀತಿದ್ಯಾ ಅಂತ ತಾನೇ? ಅದನ್ನ ನಮ್ಮ ಬೀದಿಯವರೂ ದಿನಾ ಕೇಳ್ತಾರೆ ಬಿಡು" ಅಂದರು.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಆ ದೇಶ ಈ ಪ್ರಶ್ನೆ ಕೇಳುವುದು ತಪ್ಪು ಅಂತ ನಾನು ವಾದ ಮಾಡುವುದಿಲ್ಲ. ದುಡ್ಡು ತೆಗೆದುಕೊಂಡು ಮದುವೆಯಾಗುವವರು ಇದ್ದಾರೆ. ಮದುವೆಯಾಗಿ, ವೀಸಾ ಕೈಗೆ ಬಂದ ಮೇಲೆ ನಾಪತ್ತೆಯಾಗುವವರೂ ಇದ್ದಾರೆ. ಕೇಳಲಿ. ನನ್ನ ತಕರಾರು ನಮ್ಮ ಮೇಲೆಯೇ. "ಸಂಸಾರ ನಡೀತಿದ್ಯಾ" ಅಂತ ಅವರು ಕೇಳಿದರೆ, ನಮಗೆ "ಪ್ರೀತಿ ತೋರಿಸಿ" ಅಂತ ಕೇಳಿಸುತ್ತದೆ. ತಕ್ಷಣ ಗುಲಾಬಿ ಹೂವು, ಮೊಂಬತ್ತಿ, ಮಂಡಿಯೂರಿ ನಿಂತ ಹುಡುಗ, ಇದೆಲ್ಲ ಎಲ್ಲಿದೆ ಅಂತ ಹುಡುಕಲು ಶುರು ಮಾಡುತ್ತೇವೆ. ನಮ್ಮ ಮನೆಗಳಲ್ಲಿ ಅದು ಎಲ್ಲಿಂದ ಬರಬೇಕು?

ನನ್ನದೇ ಕಥೆ ಕೇಳಿ. ಬೆಂಗಳೂರಿನ ಒಬ್ಬ ವೀಸಾ ಸಲಹೆಗಾರರ ಹತ್ತಿರ ಹೋಗಿದ್ದೆ. ಹೆಸರು ಬೇಡ. ಅವರು ಅರ್ಜಿಯ ಜೊತೆ ಕೊಡಲು ಒಂದು ಪತ್ರದ ಕರಡು ಕಳಿಸಿದರು. ನಾನು ನನ್ನ ಗಂಡನನ್ನು ಒಂದು ಕಾಫಿ ಶಾಪ್‌ನಲ್ಲಿ ಮೊದಲ ಸಲ ನೋಡಿದೆನಂತೆ. ನೋಡಿದ ಕ್ಷಣವೇ ನನ್ನ ಎದೆ ಝಲ್ ಅಂದಿತಂತೆ. ಓದಿ ನಗು ತಡೆಯಲು ಆಗಲಿಲ್ಲ. ನಿಜ ಏನು ಗೊತ್ತಾ? ಅವರು ಹಾಸನದಿಂದ ಅಪ್ಪ, ಅಮ್ಮ, ಇಬ್ಬರು ಚಿಕ್ಕಪ್ಪಂದಿರ ಜೊತೆ ಹೆಣ್ಣು ನೋಡಲು ಬಂದಿದ್ದರು. ಕೇಸರಿಬಾತ್ ಸ್ವಲ್ಪ ಗಟ್ಟಿಯಾಗಿತ್ತು. ನಾವಿಬ್ಬರೇ ಮಾತಾಡಿದ್ದು ಟೆರೇಸ್ ಮೇಲೆ, ಇಪ್ಪತ್ತು ನಿಮಿಷ. ಅದರಲ್ಲಿ ಹತ್ತು ನಿಮಿಷ ರೆಡಿಂಗ್‌ನ ಚಳಿ ಬಗ್ಗೆ. ಅವರ ಜಾತಕವನ್ನು ನಮ್ಮಪ್ಪ ಅದಕ್ಕೂ ಮುಂಚೆಯೇ ನೋಡಿ ಮುಗಿಸಿದ್ದರು.

ಕಾಫಿ ಶಾಪ್ ಕಥೆ ಬರೆಸಿಕೊಂಡಿದ್ದರೆ ಏನಾಗುತ್ತಿತ್ತು ಯೋಚಿಸಿ. ಅಧಿಕಾರಿ ನನ್ನ ಗಂಡನಿಗೆ ಫೋನ್ ಮಾಡಿ "ಎಲ್ಲಿ ಭೇಟಿಯಾದಿರಿ" ಅಂದರೆ ಅವರು "ಹುಡುಗಿ ಮನೆಯಲ್ಲಿ" ಅನ್ನುತ್ತಿದ್ದರು. ಅಲ್ಲಿಗೆ ಮುಗಿಯಿತು. ನಿಜವಾದ ಮದುವೆಯನ್ನು ನಾವೇ ಕೈಯಾರೆ ಸುಳ್ಳು ಮಾಡಿದ ಹಾಗೆ. ಅರ್ಜಿಯಲ್ಲಿ ಮೋಸ ಮಾಡಿ ಸಿಕ್ಕಿಬಿದ್ದವರಿಗೆ ಬ್ರಿಟನ್ 10 ವರ್ಷದವರೆಗೆ ಬಾಗಿಲು ಹಾಕಬಹುದು. ಎದೆ ಝಲ್ ಅನ್ನುವ ಒಂದು ಸಾಲಿಗೆ ಇಷ್ಟು ಬೆಲೆ ಕೊಡಬೇಕಾ? ಅದೂ ಅಲ್ಲದೆ, ಮನೆಯವರು ನೋಡಿ ಮಾಡುವ ಮದುವೆ ಅಂದರೆ ಏನು ಅಂತ ಬ್ರಿಟನ್ನಿನ ವೀಸಾ ಆಫೀಸಿಗೆ ಚೆನ್ನಾಗಿ ಗೊತ್ತು. ನಮ್ಮ ದೇಶದ ಅರ್ಜಿಗಳನ್ನು ಅವರು ಎಷ್ಟು ದಶಕಗಳಿಂದ ನೋಡುತ್ತಿದ್ದಾರೆ.

ಆ ದಶಕಗಳ ಕಥೆಯನ್ನೂ ಸ್ವಲ್ಪ ಹೇಳಬೇಕು. ಕಹಿ ಕಥೆ. 1979ರ ಜನವರಿ. ಭಾರತದಿಂದ 35 ವರ್ಷದ ಒಬ್ಬ ಶಿಕ್ಷಕಿ ಲಂಡನ್ನಿನ ಹೀಥ್ರೋ ವಿಮಾನ ನಿಲ್ದಾಣದಲ್ಲಿ ಇಳಿದರು. ಅಲ್ಲಿ ನೆಲೆಸಿದ್ದ, ತಮಗೆ ನಿಶ್ಚಯವಾಗಿದ್ದ ಹುಡುಗನನ್ನು ಮದುವೆಯಾಗಲು ಬಂದಿದ್ದರು. ಆಗಿನ ನಿಯಮದಲ್ಲಿ ಮದುವೆಯಾಗಲು ಬರುವವರಿಗೆ ಮೊದಲೇ ವೀಸಾ ಬೇಕಿರಲಿಲ್ಲ, ಹೆಂಡತಿಯಾಗಿ ಬರುವವರಿಗೆ ಅನುಮತಿ ಬೇಕಿತ್ತು. ಈಕೆಗೆ ಈಗಾಗಲೇ ಮದುವೆ ಆಗಿರಬಹುದು ಅಂತ ಅಧಿಕಾರಿಗಳಿಗೆ ಅನುಮಾನ. ಅದಕ್ಕೆ ಅವರು ಮಾಡಿಸಿದ್ದು ಕನ್ಯತ್ವ ಪರೀಕ್ಷೆ. ಹೌದು, ವಿಮಾನ ನಿಲ್ದಾಣದಲ್ಲಿ. ಗಾರ್ಡಿಯನ್ ಪತ್ರಿಕೆ ಅದನ್ನು ಬಯಲಿಗೆ ತಂದಿತು, ಗಲಾಟೆಯಾಯಿತು, ಪರೀಕ್ಷೆ ನಿಂತಿತು. ಎಷ್ಟೋ ವರ್ಷಗಳ ನಂತರ ಹಳೆಯ ಸರ್ಕಾರಿ ಕಡತಗಳನ್ನು ತೆಗೆದು ನೋಡಿದ ಸಂಶೋಧಕರಿಗೆ ಇಂಥ ಕನಿಷ್ಠ 80 ಪ್ರಕರಣ ಸಿಕ್ಕವು.

ಅದು ಹೋಯಿತು. 80ರ ದಶಕದಲ್ಲಿ ಇನ್ನೊಂದು ನಿಯಮ ಜೋರಾಯಿತು, "ಪ್ರೈಮರಿ ಪರ್ಪಸ್". ಬ್ರಿಟನ್ನಿಗೆ ಬರುವುದೇ ಈ ಮದುವೆಯ ಮುಖ್ಯ ಉದ್ದೇಶ ಅಲ್ಲ ಅಂತ ಅರ್ಜಿದಾರರು ತೋರಿಸಬೇಕು. ಇಲ್ಲದ್ದನ್ನು ಇಲ್ಲ ಅಂತ ಸಾಬೀತು ಮಾಡುವುದು ಹೇಗೆ ಹೇಳಿ? ನಮ್ಮ ಉಪಖಂಡದ ಹುಡುಗರು ಇದರಲ್ಲಿ ತುಂಬಾ ಒದ್ದಾಡಿದರು. ಮದುವೆಯಾದ ಮೇಲೆ ಒಬ್ಬರಿಗೊಬ್ಬರು ಬರೆದ ಪತ್ರಗಳನ್ನು ಕಟ್ಟು ಕಟ್ಟಿ ಮೇಲ್ಮನವಿಗೆ ಹಾಕುತ್ತಿದ್ದರು. ಖಾಸಗಿ ಪತ್ರಗಳು, ಯಾರೋ ವಕೀಲರು ಓದಿ ಗುರುತು ಹಾಕಿದ್ದು. 1997ರ ಜೂನ್‌ನಲ್ಲಿ ಆಗಷ್ಟೇ ಬಂದಿದ್ದ ಲೇಬರ್ ಪಕ್ಷದ ಸರ್ಕಾರ ಆ ನಿಯಮವನ್ನು ತೆಗೆದುಹಾಕಿತು. ಈಗ ಪತ್ರದ ಜಾಗಕ್ಕೆ ಸ್ಕ್ರೀನ್‌ಶಾಟ್ ಬಂದಿದೆ, ಅಷ್ಟೇ.

ಆದರೆ ಈ ಎಲ್ಲದರ ನಡುವೆ ನನಗೆ ಧೈರ್ಯ ಕೊಟ್ಟ ಒಂದು ತೀರ್ಪು ಇದೆ. 2012ರದ್ದು, ವೀಸಾ ಮೇಲ್ಮನವಿಗಳನ್ನು ಕೇಳುವ ಬ್ರಿಟನ್ನಿನ ಅಪ್ಪರ್ ಟ್ರಿಬ್ಯೂನಲ್‌ನದ್ದು. ಸುಡಾನಿನ ದಂಪತಿಯ ಪ್ರಕರಣ. ಅವರ ಹತ್ತಿರ ಇದ್ದ ಸಾಕ್ಷಿ ಫೋನ್ ಕಾರ್ಡುಗಳು. ನೆನಪಿದೆಯಾ, ಕೆರೆದು ನಂಬರ್ ಒತ್ತಿ ವಿದೇಶಕ್ಕೆ ಮಾತಾಡುತ್ತಿದ್ದ ಕಾರ್ಡು? ಆ ಕಾರ್ಡಿನಿಂದ ಯಾವ ನಂಬರಿಗೆ ಫೋನ್ ಹೋಯಿತು ಅಂತ ತಿಳಿಯುವುದಿಲ್ಲ. ಆದರೂ ಟ್ರಿಬ್ಯೂನಲ್ ಅದನ್ನು ತಳ್ಳಿಹಾಕಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು ಅನ್ನುವ ಅವರ ಮಾತಿಗೆ ಅದು ಆಧಾರ ಆಗಬಹುದು ಅಂದಿತು. ಫೋನ್ ಮಾಡುವವರು ಪತ್ರವನ್ನೂ ಬರೆಯಬೇಕು, ಮೆಸೇಜನ್ನೂ ಕಳಿಸಬೇಕು ಅಂತ ನಿಯಮ ಇಲ್ಲ ಅಂದಿತು. ಪರಸ್ಪರ ಅನುರಾಗ ತೋರಿಸಲು ಇಂಥದ್ದೇ ಸಾಕ್ಷಿ ತನ್ನಿ ಅಂತ ಕೇಳುವ ಹಾಗಿಲ್ಲ ಅಂತಲೂ ಹೇಳಿತು.

ಇದನ್ನು ಓದಿದ ದಿನ 412ರ ಮೇಲೆ ನನಗೆ ಗೌರವ ಬಂತು.

ಊಟ ಆಯ್ತಾ ಅಂದರೆ ಏನು ಅಂತ ನಾನು ನನ್ನ ಪತ್ರದಲ್ಲಿ ನಾಲ್ಕು ಸಾಲು ಬರೆದೆ. ನಮ್ಮಲ್ಲಿ ಹೊಸದಾಗಿ ಮದುವೆಯಾದವರು ಎಲ್ಲರ ಎದುರಿಗೆ ಪ್ರೀತಿಯ ಮಾತಾಡುವುದು ಕಡಿಮೆ, ಉಂಡಿರಾ ಅಂತ ಕೇಳುತ್ತಾರೆ, ಅದರಲ್ಲೇ ಎಲ್ಲ ಇರುತ್ತದೆ ಅಂತ. ಸಮಯದ ಲೆಕ್ಕವನ್ನೂ ಬರೆದೆ. ಬೇಸಿಗೆಯಲ್ಲಿ ಅವರಿಗಿಂತ ನಾವು ನಾಲ್ಕೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ಐದೂವರೆ. ಹಾಗಾಗಿ ನನ್ನ ರಾತ್ರಿ ಊಟದ ಹೊತ್ತಿಗೆ ಅವರು ಆಫೀಸಿನಲ್ಲಿ ಇರುತ್ತಾರೆ. ಎದ್ದು ಹೊರಗೆ ಬಂದು ಎರಡು ನಿಮಿಷ ಮಾತಾಡುತ್ತಾರೆ. ಕಾಲ್ ಪಟ್ಟಿಯಲ್ಲಿ ಎರಡು ನಿಮಿಷ, ಮೂರು ನಿಮಿಷದ ಕರೆಗಳು ಸಾಲಾಗಿ ಇರುವುದಕ್ಕೆ ಅದೇ ಕಾರಣ. ಭಾನುವಾರ ಮಾತ್ರ ಒಂದೂವರೆ ಗಂಟೆ. ಅದರಲ್ಲಿ ಅರ್ಧ ಗಂಟೆ ನಮ್ಮಮ್ಮ ಮಾತಾಡುತ್ತಾರೆ, ಅದನ್ನು ಬರೆಯಲಿಲ್ಲ ಬಿಡಿ.

ಅನುವಾದದ್ದು ಒಂದು ತಮಾಷೆ. ಕಾಗದಗಳು ಇಂಗ್ಲಿಷ್‌ನಲ್ಲಿ ಇರಬೇಕು, ಇಲ್ಲವೇ ವೆಲ್ಶ್‌ನಲ್ಲಿ. ಬೇರೆ ಏನಿದ್ದರೂ ಅನುವಾದ ಜೊತೆಗಿರಬೇಕು. ವೆಲ್ಶ್ ನಡೆಯುತ್ತದಂತೆ, ಕನ್ನಡ ನಡೆಯಲ್ಲ, ನೋಡಿ! ನಮ್ಮ ಚಾಟ್ ಇರುವುದೋ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಅನುವಾದಕರು ಫೋನ್ ಮಾಡಿ, "ಮೇಡಂ, ಇಲ್ಲಿ 'ಹೂಂ' ಅಂತ ಇದೆ, ಅದರ ಕೆಳಗೆ ಇನ್ನೊಂದು 'ಹೂಂ' ಇದೆ. ಎರಡನೇದು ಕೋಪದ್ದಾ?" ಅಂತ ಕೇಳಿದರು. ಕೋಪದ್ದೇ. ದಸರಾಕ್ಕೆ ಬರುತ್ತೇನೆ ಅಂದವರು ರಜೆ ಸಿಗಲಿಲ್ಲ ಅಂದಿದ್ದರು. ಆ ಜಗಳವನ್ನೂ ಫೈಲಿಗೆ ಹಾಕಿದೆ. ಗಂಡ "ಬೇಡ್ವೇ" ಅಂದರು. ನಾಟಕ ಆಡುವವರು ರಜೆ ವಿಷಯಕ್ಕೆ ಮೂರು ದಿನ ಮಾತು ಬಿಡುತ್ತಾರಾ, ಅಲ್ವಾ?

ಮದುವೆ ಫೋಟೊ ವಿಷಯಕ್ಕೆ ಬರೋಣ. ನಮ್ಮದು 2024ರ ಏಪ್ರಿಲ್ ಮೂರನೇ ವಾರ ಆಗಿದ್ದು. ಆಮೇಲೆ ಗುರು, ಶುಕ್ರ ಅಸ್ತ ಅಂತ ಎರಡು ತಿಂಗಳು ಮುಹೂರ್ತವೇ ಇರಲಿಲ್ಲ. ಆಲ್ಬಮ್‌ನಲ್ಲಿ ಸಾವಿರಕ್ಕೂ ಜಾಸ್ತಿ ಫೋಟೊ. ಒಂದು ಕ್ಷಣ ಅದನ್ನು ಬೇರೆ ದೇಶದವರ ಕಣ್ಣಿಂದ ನೋಡಿ. ಮೊದಲು ನಮ್ಮಿಬ್ಬರ ನಡುವೆ ಒಂದು ಬಟ್ಟೆ, ಅಂತರಪಟ. ಮುಖವೇ ಕಾಣುವುದಿಲ್ಲ. ಧಾರೆಯಲ್ಲಿ ಇಬ್ಬರೂ ತಲೆ ಬಗ್ಗಿಸಿದ್ದೇವೆ. ಆರತಕ್ಷತೆಯಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತಲೇ ಇಲ್ಲ, ಪಕ್ಕದಲ್ಲಿ ನಿಂತ ಯಾರದೋ ಜೊತೆ ಕ್ಯಾಮೆರಾ ನೋಡುತ್ತಿದ್ದೇವೆ. ಕೊನೆಗೆ ಹೆಣ್ಣು ಒಪ್ಪಿಸುವಾಗ ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೇನೆ. ಬಲವಂತದ ಮದುವೆ ಅನ್ನಬಾರದು ಅಂತ ಆ ಫೋಟೊ ಬಿಟ್ಟೆ. ಹಾಕಿದ್ದು ಒಂದು ಇಪ್ಪತ್ತು ಫೋಟೊ ಇರಬಹುದು. ಪ್ರತಿಯೊಂದರ ಕೆಳಗೆ ದಿನ, ಊರು, ಯಾರು ಯಾರು ಅಂತ ಬರೆದೆ. ನನಗೆ ತುಂಬಾ ಇಷ್ಟವಾದದ್ದು ಮದುವೆ ಫೋಟೊ ಅಲ್ಲವೇ ಅಲ್ಲ. ಸಬ್‌ರಿಜಿಸ್ಟ್ರಾರ್ ಆಫೀಸಿನ ಮುಂದೆ ನಾವಿಬ್ಬರೂ ಸರ್ಟಿಫಿಕೇಟ್‌ಗೆ ಕಾದು ಕಾದು, ಬಿಸಿಲಿಗೆ ಮುಖ ಕೆಂಪಾಗಿ, ಒಂದೇ ಎಳನೀರಿಗೆ ಎರಡು ಸ್ಟ್ರಾ ಹಾಕಿಕೊಂಡಿದ್ದು. ಅವರ ರಜೆ ಇದ್ದದ್ದೇ ಮದುವೆಯಾದ ಮೇಲೆ 16 ದಿನ. ಬೀಗರೂಟ, ಮನೆದೇವರು, ಈ ಆಫೀಸು, ಅಷ್ಟರಲ್ಲಿ ಮುಗಿಯಿತು.

16 ದಿನ ಜೊತೆಗಿದ್ದವರು ಸಂಸಾರ ನಡೆಯುತ್ತಿದೆ ಅಂತ ಹೇಗೆ ತೋರಿಸುವುದು? ನಾನು ಅಲ್ಲಿಗೆ ಸುಮ್ನೆ ಒಂದು ತಿಂಗಳು ಹೋಗಿ ಬರೋಣ ಅಂದುಕೊಂಡೆ. ವಿಸಿಟರ್ ವೀಸಾ. ತಿಳಿದವರು ಬೇಡ ಅಂದರು. ಗಂಡ ಅಲ್ಲೇ ನೆಲೆಸಿದ್ದರೆ ಹೆಂಡತಿ ವಾಪಸ್ ಬರುತ್ತಾಳೆ ಅಂತ ನಂಬಿಸುವುದೇ ಕಷ್ಟ ಅಂತ. ಜೊತೆಗಿದ್ದೀರಾ ಅಂತ ಕೇಳುವವರೂ ಅವರೇ, ಜೊತೆಗಿರಲು ಬಿಡಬೇಕಾದವರೂ ಅವರೇ. ಇದಕ್ಕೆ ಏನು ಹೇಳುವುದು? ಹಾಗಾಗಿ ದೂರದಲ್ಲಿ ಇದ್ದುಕೊಂಡೇ ಉಳಿಯುವ ಗುರುತುಗಳನ್ನು ಒಟ್ಟು ಮಾಡಿದೆ. ಗಂಡನ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್ ಮೊಹರು, ಅವರು ನನ್ನ ಖಾತೆಗೆ ಹಾಕಿದ ದುಡ್ಡು, ಅವರ ಪಾಲಿಸಿಯಲ್ಲಿ ನಾಮಿನಿ ಬದಲಾದ ಕಾಗದ. ನಾನು ಕಳಿಸಿದ ಚಟ್ನಿಪುಡಿ ಪಾರ್ಸೆಲ್ಲಿನ ಕೊರಿಯರ್ ರಸೀದಿ ಕೂಡ. ಅತ್ತೆ ಒಂದು ಪತ್ರ ಬರೆದುಕೊಟ್ಟರು. ಹಬ್ಬಕ್ಕೆ ಸೊಸೆ ಬಂದಿದ್ದಳು, ಮಗ ವಿಡಿಯೋದಲ್ಲಿ ಆರತಿ ನೋಡಿದ ಅಂತ ಎರಡೇ ಪ್ಯಾರಾ. ಅದಕ್ಕಿಂತ ಒಳ್ಳೆಯ ಕಾಗದ ಆ ಫೈಲ್‌ನಲ್ಲಿ ಇನ್ನೊಂದಿರಲಿಲ್ಲ ಅಂತ ನನ್ನ ಅನಿಸಿಕೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ದುಡ್ಡಿನ ಕಡೆ. 2012ರಿಂದ ಈ ವೀಸಾಕ್ಕೆ, ಬ್ರಿಟನ್ನಿನಲ್ಲಿ ಇರುವ ಗಂಡ ಅಥವಾ ಹೆಂಡತಿಯ ಆದಾಯ ವರ್ಷಕ್ಕೆ 18,600 ಪೌಂಡ್ ಇರಬೇಕಿತ್ತು. 2024ರ ಏಪ್ರಿಲ್ 11ಕ್ಕೆ ಅದು 29,000 ಆಯಿತು. ನಿಶ್ಚಿತಾರ್ಥಕ್ಕೆ ಒಂದು ಲೆಕ್ಕ, ಚಪ್ಪರ ಹಾಕುವ ಹೊತ್ತಿಗೆ ಇನ್ನೊಂದು ಲೆಕ್ಕ. ನನ್ನ ಗಂಡನ ಸಂಬಳ ಅದಕ್ಕಿಂತ ಜಾಸ್ತಿ, ನಮಗೆ ಏಟು ಬೀಳಲಿಲ್ಲ. ಆದರೆ ವೃದ್ಧರ ಆರೈಕೆ ಮಾಡುವವರು, ಅಂಗಡಿಯಲ್ಲಿ ನಿಲ್ಲುವವರು? ಸಂಬಳ ಇಲ್ಲದಿದ್ದರೆ ಉಳಿತಾಯ ತೋರಿಸಿ ಅನ್ನುತ್ತಾರೆ. ಬರೀ ಉಳಿತಾಯದ ಮೇಲೆ ಹೋದರೆ 88,500 ಪೌಂಡ್ ಆರು ತಿಂಗಳು ಖಾತೆಯಲ್ಲಿ ಕೂತಿರಬೇಕು. ಅರ್ಜಿಗೆ ನಾವು ಕಟ್ಟಿದ್ದು 1,846 ಪೌಂಡ್, ಆರೋಗ್ಯ ಸೇವೆಗೆ 3,105. ಎರಡೂ ಸೇರಿ 5 ಲಕ್ಷ ರೂಪಾಯಿ ದಾಟಿತು. ಕಡಿಮೆ ಸಂಬಳದವರ ಸಂಸಾರ ಸುಳ್ಳಾ? ಸಂಬಂಧ ನಿಜವೋ ಅಲ್ಲವೋ ಅಂತ ಸಾವಿರ ಪುಟ ತರಿಸಿಕೊಂಡು, ಕೊನೆಗೆ ಜೇಬು ನೋಡಿ ಬೇಡ ಅಂದರೆ ಆ ಸಾವಿರ ಪುಟ ಯಾಕೆ ಬೇಕಿತ್ತು?

ನನಗೆ ವೀಸಾ ಬಂತು. ಈಗ ರೆಡಿಂಗ್‌ನಲ್ಲೇ ಕೂತು ಇದನ್ನು ರೆಕಾರ್ಡ್ ಮಾಡುತ್ತಿದ್ದೇನೆ. ಕೊಟ್ಟಿರುವುದು 33 ತಿಂಗಳು. ಅದು ಮುಗಿಯುವಷ್ಟರಲ್ಲಿ ಮತ್ತೆ ಅರ್ಜಿ, ಮತ್ತೆ ಫೈಲ್. ಈ ಸಲ ಒಂದೇ ಮನೆಯಲ್ಲಿ ಇದ್ದೆವು ಅಂತ ತೋರಿಸಬೇಕು. ಒಂದು ವಿಚಿತ್ರ ಗೊತ್ತಾ? ಜೊತೆಗೆ ಇರಲು ಶುರು ಮಾಡಿದ ಮೇಲೆ ನಮ್ಮ ಚಾಟ್ ಖಾಲಿ. "ಹಾಲು ತನ್ನಿ", "ಕೀ ಮರೆತೆ", ಅಷ್ಟೇ. ಊಟ ಆಯ್ತಾ ಅಂತ ಯಾರು ಯಾರನ್ನು ಕೇಳುವುದು, ಎದುರಿಗೇ ತಟ್ಟೆ ಇರುವಾಗ?

ಮೊನ್ನೆ ನೀರಿನ ಬಿಲ್ ಬಂತು. ಇಬ್ಬರ ಹೆಸರೂ ಇತ್ತು. ಇವರು ದುಡ್ಡು ಕಟ್ಟಿ, ಕಾಗದವನ್ನು ಮುದುರಿ ಕಸದ ಡಬ್ಬಿ ಕಡೆಗೆ ಹೊರಟರು. "ರೀ, ಇರಿ" ಅಂದೆ. ಬಿಡಿಸಿ, ಇಸ್ತ್ರಿ ಪೆಟ್ಟಿಗೆಯಲ್ಲಿ ಉಜ್ಜಿ, ಫೈಲಿಗೆ ಹಾಕಿದೆ.