ಫಿಲ್ಟರ್ ಕೊಳ್ಳುವ ಮುನ್ನ ಒಂದು ಬೋಲ್ಟ್ ಬಿಚ್ಚಿ ನೋಡಿ

ಕಾರಿನಲ್ಲಿ ಹಾಡು ಹಾಕಿಕೊಂಡು ಹೊರಟಾಗ, ಹಾಡಿನ ಹಿಂದೆ ಸೊಳ್ಳೆ ಗುಂಯ್‌ಗುಡುವಂಥ ಸಣ್ಣ ದನಿಯೊಂದು ಕೇಳುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಅದು ಏರುತ್ತದೆ, ಕಾಲು ತೆಗೆದರೆ ಇಳಿಯುತ್ತದೆ. ಈ ದೂರನ್ನು ಹಿಡಿದು ಅಂಗಡಿಗೆ ಹೋದವರಿಗೆ ಬಹಳ ಸಲ ಸಿಗುವ ಉತ್ತರ, ‘ಒಂದು ನಾಯ್ಸ್ ಫಿಲ್ಟರ್ ಹಾಕಿಬಿಡೋಣ ಸಾರ್’ ಎಂಬುದು. ಈ ಸಂಚಿಕೆಯಲ್ಲಿ ನನ್ನ ತಕರಾರು ಇರುವುದು ಆ ಉತ್ತರದ ಬಗ್ಗೆಯೇ. ಸದ್ದು ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂದು ಪತ್ತೆ ಮಾಡದೆ ಫಿಲ್ಟರ್ ಹಾಕುವುದೆಂದರೆ, ಹೆಂಚು ಎಲ್ಲಿ ಒಡೆದಿದೆ ಎಂದು ನೋಡದೆ ಸೋರುವಲ್ಲಿ ಬಕೆಟ್ ಇಟ್ಟು ಸುಮ್ಮನಾದಂತೆ.

ಆ ಬಕೆಟ್ಟನ್ನು ನಾನೂ ಇಟ್ಟವನೇ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಪೆಟ್ರೋಲ್ ಕಾರಿನ ಡಿಕ್ಕಿಯಲ್ಲಿ, ಸ್ಟೀರಿಯೊದ ದನಿಗೆ ಬಲ ಕೊಡುವ ಒಂದು ಆಂಪ್ಲಿಫೈಯರ್ (ಆಂಪ್) ಕೂರಿಸಿಕೊಂಡೆ. ಆ ವಾರವೇ ಮೈಸೂರಿಗೆ ಹೋಗುವಾಗ ದಾರಿಯಲ್ಲಿ ಧಾರವಾಡದ ಹಿರಿಯ ಗಾಯಕರೊಬ್ಬರ ವಿಲಂಬಿತ ಖಯಾಲ್ ಕೇಳುತ್ತಿದ್ದೆ. ತಂಬೂರಿಯ ಷಡ್ಜ ಇದ್ದಲ್ಲೇ ಇತ್ತು. ಅದರ ಪಕ್ಕದಲ್ಲಿ ನನ್ನ ಕಾರಿನದೇ ಇನ್ನೊಂದು ಶ್ರುತಿ, ನಾನು ಲಾರಿಯೊಂದನ್ನು ಹಿಂದಿಕ್ಕಲು ಹೋದಾಗಲೆಲ್ಲ ಪಂಚಮದಾಚೆಗೆ ಜಾರಿ ಮತ್ತೆ ಕೆಳಗಿಳಿಯುತ್ತಿತ್ತು. ಡೋಲು, ತಮಟೆಗಳ ಸಿನಿಮಾ ಹಾಡು ಹಾಕಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲವೇನೋ. ಮರಳಿ ಬಂದ ಮೇಲೆ ಫಿಲ್ಟರ್ ಹಾಕಿಸಿದೆ. ದನಿ ಅರ್ಧಕ್ಕಿಳಿಯಿತು, ಅದರ ಜೊತೆಗೆ ತಬಲಾದ ಎಡಗೈಯ ಗುಮುಕೂ ಅರ್ಧಕ್ಕಿಳಿಯಿತು.

ಈ ದನಿಯ ಮೂಲ ಯಾವುದೆಂಬುದರಲ್ಲಿ ಗುಟ್ಟೇನೂ ಇಲ್ಲ. ಎಂಜಿನ್ನಿನ ಬೆಲ್ಟಿನಿಂದ ತಿರುಗುವ ಆಲ್ಟರ್ನೇಟರ್ ಒಳಗೆ ಹುಟ್ಟುವುದು ಮೂರು ಫೇಸಿನ ಎ.ಸಿ. ವಿದ್ಯುತ್ತು. ಅದನ್ನು ಡಯೋಡುಗಳು ಡಿ.ಸಿ.ಗೆ ತಿರುಗಿಸುತ್ತವೆ, ಆದರೆ ಪೂರ್ತಿ ಸಪಾಟಾಗಿ ಅಲ್ಲ, ಮೇಲ್ಮೈಯಲ್ಲಿ ಸಣ್ಣ ಅಲೆಗಳು ಉಳಿದೇ ಉಳಿಯುತ್ತವೆ. ಹನ್ನೆರಡು ಧ್ರುವಗಳ ಸಾಮಾನ್ಯ ಆಲ್ಟರ್ನೇಟರ್ ಒಂದು ಸುತ್ತು ತಿರುಗುವಷ್ಟರಲ್ಲಿ ಇಂಥ 36 ಅಲೆಗಳೇಳುತ್ತವೆ. ಎಂಜಿನ್ನಿನ ಒಂದು ಸುತ್ತಿಗೆ ಆಲ್ಟರ್ನೇಟರ್ ಎರಡೂವರೆ ಸುತ್ತು ತಿರುಗುತ್ತದೆ ಎಂದಿಟ್ಟುಕೊಂಡರೆ, ಗಾಡಿ ನಿಂತಲ್ಲೇ 800 ಆರ್‌ಪಿಎಂನಲ್ಲಿ ಓಡುತ್ತಿರುವಾಗ ಆ ಅಲೆ 1,200 ಹರ್ಟ್ಸ್‌ನದು, 2,400 ಆರ್‌ಪಿಎಂಗೆ ಬಂದಾಗ 3,600 ಹರ್ಟ್ಸ್‌ನದು. ನಮ್ಮ ಕಿವಿ ಅತಿ ಚುರುಕಾಗಿರುವುದು ಸುಮಾರು 2,000ದಿಂದ 4,000 ಹರ್ಟ್ಸ್‌ನ ನಡುವೆ. ಅಂದರೆ ನಾವು ಹೆದ್ದಾರಿಯಲ್ಲಿ ಆರಾಮವಾಗಿ ಸಾಗುವಾಗಲೇ ಈ ದನಿ ಕಿವಿಗೆ ನೇರವಾಗಿ ಚುಚ್ಚುವ ಎತ್ತರಕ್ಕೆ ಬಂದು ಕೂರುತ್ತದೆ.

ಹಾಗಿದ್ದರೆ ಆಲ್ಟರ್ನೇಟರ್ ಕೆಟ್ಟಿದೆಯೇ? ಸಾಮಾನ್ಯವಾಗಿ ಇಲ್ಲ. ಎಂಜಿನ್ ಓಡುತ್ತಿರುವಾಗ ಮಲ್ಟಿಮೀಟರನ್ನು ಎ.ಸಿ.ಗೆ ಇಟ್ಟು ಬ್ಯಾಟರಿಯ ಎರಡು ತುದಿಗಳಲ್ಲಿ ಅಳೆದು ನೋಡಿ. ಅರ್ಧ ವೋಲ್ಟಿನಷ್ಟು ತೋರಿಸಿದರೆ ಡಯೋಡು ಹೋಗಿದೆ ಎಂದು ಸಂಶಯಪಡಬೇಕು, ಅಂಥ ಗಾಡಿಗೆ ಸ್ಟೀರಿಯೊ ಅಂಗಡಿಗಿಂತ ಮೊದಲು ಆಟೊ ಎಲೆಕ್ಟ್ರಿಷಿಯನ್ ಬೇಕು. ಆದರೆ ಅಲೆಗಳು ಎಲ್ಲ ಕಾರುಗಳಲ್ಲೂ ಇರುತ್ತವೆ, ಕಂಪನಿಯಿಂದ ಬಂದ ಸ್ಟೀರಿಯೊಗಳಲ್ಲಿ ಕೇಳುವುದಿಲ್ಲ ಅಷ್ಟೆ. ಆದ್ದರಿಂದ ನಾವು ಕೇಳಬೇಕಾದ್ದು, ನನ್ನ ಕಾರಿನಲ್ಲಿ ಅವು ಹಾಡಿನೊಳಕ್ಕೆ ನುಸುಳಲು ಬಾಗಿಲು ತೆಗೆದುಕೊಟ್ಟವರು ಯಾರು ಎಂದು.

ಹೆಚ್ಚಿನ ಸಲ ಆ ಬಾಗಿಲು ಅರ್ತಿಂಗ್, ಅಂದರೆ ವಿದ್ಯುತ್ತು ಬ್ಯಾಟರಿಯ ನೆಗೆಟಿವ್‌ಗೆ ಮರಳಲೆಂದು ಕಾರಿನ ಬಾಡಿಗೆ ಮಾಡಿದ ಜೋಡಣೆ. ಹೆಡ್ ಯೂನಿಟ್ಟಿನ, ಅಂದರೆ ಮುಂದಿನ ಸ್ಟೀರಿಯೊದ, ಅರ್ತ್ ಡ್ಯಾಶ್‌ಬೋರ್ಡಿನ ಹಿಂದಿರುತ್ತದೆ, ಆಂಪಿನದು ಡಿಕ್ಕಿಯಲ್ಲಿರುತ್ತದೆ, ಇವೆರಡರ ನಡುವೆ ಕಾರಿನ ಬಾಡಿಯೇ ತಂತಿಯಾಗಿ ಕೆಲಸ ಮಾಡುತ್ತದೆ. ಕಬ್ಬಿಣವೆಲ್ಲ ಒಂದೇ, ಎಲ್ಲಿ ಬೋಲ್ಟ್ ಹಾಕಿದರೂ ಸೊನ್ನೆ ವೋಲ್ಟೇ ಎಂದು ನಾವು ನಂಬಿಕೊಂಡಿರುತ್ತೇವೆ. ಆದರೆ ಡಿಕ್ಕಿಯ ಜೋಡಣೆಯಲ್ಲಿ ಒಂದು ಓಮಿನ ನೂರನೇ ಒಂದು ಪಾಲು ಅಡೆತಡೆ ಇದ್ದು, ಆಂಪ್ 10 ಆಂಪಿಯರ್ ಎಳೆಯುತ್ತಿದ್ದರೆ, ಅಲ್ಲೇ 100 ಮಿಲಿವೋಲ್ಟಿನ ವ್ಯತ್ಯಾಸ ಹುಟ್ಟುತ್ತದೆ. ಹೆಡ್ ಯೂನಿಟ್ಟಿನಿಂದ ಆಂಪಿಗೆ ಹಾಡಿನ ಸಂಕೇತ ಒಯ್ಯುವ ಆರ್‌ಸಿಎ ವೈರಿನ ಹೊರಕವಚ ಈ ಎರಡು ಅರ್ತ್‌ಗಳನ್ನು ಕೂಡಿಸಿರುವುದರಿಂದ, ಆ ವ್ಯತ್ಯಾಸದ ಒಂದು ಅಂಶ ಆಲ್ಟರ್ನೇಟರಿನ ಅಲೆಗಳನ್ನು ಹೊತ್ತುಕೊಂಡೇ ಸಂಗೀತದ ಜೊತೆಗೆ ಆಂಪಿನೊಳಗೆ ಹೋಗುತ್ತದೆ. ಹೆಡ್ ಯೂನಿಟ್ಟಿನ ಪೆಟ್ಟಿಗೆಯ ಮೇಲೆ ಆ ಸಂಕೇತದ ಬಲವೆಂದು ಬರೆದಿರುವ 2 ವೋಲ್ಟ್, 4 ವೋಲ್ಟ್ ಎಲ್ಲ ಪೂರ್ತಿ ದನಿಯಲ್ಲಿ ಮಾತ್ರ. ಸಣ್ಣ ದನಿಯಲ್ಲಿ ಹಾಡು ಕೆಲವೇ ಮಿಲಿವೋಲ್ಟುಗಳಷ್ಟಿರುವಾಗ ಒಂದೆರಡು ಮಿಲಿವೋಲ್ಟಿನ ಕಸವೂ ದೊಡ್ಡದಾಗಿಯೇ ಕೇಳುತ್ತದೆ.

ಈಗ ಕ್ಯಾಮೆರಾವನ್ನು ಇದರ ಹತ್ತಿರ ತರುತ್ತೇನೆ. ಇದು ನನ್ನ ಡಿಕ್ಕಿಯಿಂದ ಬಿಚ್ಚಿದ ರಿಂಗ್ ಟರ್ಮಿನಲ್, ಇದು ಅದರ ಬೋಲ್ಟ್. ಟರ್ಮಿನಲ್ಲಿನ ಅಡಿಭಾಗದಲ್ಲಿ ಎಲ್ಲೆಡೆ ನೀಲಿ ಬಣ್ಣದ ಪುಡಿ ಅಂಟಿದೆ. ಅಂಚಿನಲ್ಲಿ ಒಂದು ಕಡೆ ಮಾತ್ರ ಉಗುರಿನ ತುದಿಯಷ್ಟು ಜಾಗ ಹೊಳೆಯುತ್ತಿರುವುದನ್ನು ನೋಡಿ. ಇಡೀ ಆಂಪಿನ ವಿದ್ಯುತ್ತು ಅಷ್ಟು ತಿಂಗಳು ಹೋಗುತ್ತಿದ್ದದ್ದು ಆ ಹೊಳಪಿನ ಮೂಲಕವೇ, ಏಕೆಂದರೆ ಕಾರಿನ ಬಣ್ಣ, ಅದರಡಿಯ ಪ್ರೈಮರ್ ಯಾವುದೂ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬ್ಯಾಟರಿಯ ನೆಗೆಟಿವ್ ಕಳಚಿ, ಬೋಲ್ಟಿನ ಸುತ್ತಲಿನ ಬಣ್ಣವನ್ನು ಬರಿಯ ಲೋಹ ಕಾಣುವವರೆಗೆ ಮರಳುಕಾಗದದಿಂದ ಉಜ್ಜಿ, ಹಲ್ಲಿರುವ ವಾಷರ್ ಹಾಕಿ ಬಿಗಿದು, ತುಕ್ಕು ಹಿಡಿಯದಂತೆ ಮೇಲಿನಿಂದ ಗ್ರೀಸ್ ಸವರಲು ನನಗೆ ಹಿಡಿದದ್ದು ಇಪ್ಪತ್ತು ನಿಮಿಷ. ದನಿ ಹೋಯಿತು. ಫಿಲ್ಟರ್ ಕಿತ್ತ ಮೇಲೆ ತಬಲಾ ಮರಳಿ ಬಂತು. ಇಲ್ಲಿ ಒಂದು ಎಚ್ಚರಿಕೆ: ಹತ್ತಿರದಲ್ಲೇ ಇದೆಯೆಂದು ಸೀಟ್ ಬೆಲ್ಟಿನ ಬೋಲ್ಟನ್ನು ಅರ್ತಿಂಗಿಗೆ ಬಳಸುವವರಿದ್ದಾರೆ. ಅದು ಜೀವ ಹಿಡಿದಿಡುವ ಬೋಲ್ಟ್, ಅದನ್ನು ಮುಟ್ಟಬೇಡಿ.

ಎಲ್ಲರ ಕಾರಿನಲ್ಲೂ ಅದೇ ಬೋಲ್ಟ್ ಕಾರಣವಾಗಿರಬೇಕೆಂದಿಲ್ಲ. ಅದಕ್ಕೇ ಹುಡುಕುವ ಕ್ರಮ ಮುಖ್ಯ. ಎಂಜಿನ್ ಆರಿಸಿದರೂ ಸದ್ದು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಆಲ್ಟರ್ನೇಟರನ್ನು ಬೈಯುವಂತಿಲ್ಲ. ಫೋನನ್ನು ಆಕ್ಸ್ ವೈರಿನಿಂದ ಸ್ಟೀರಿಯೊಗೆ ಹಾಕಿ, ಅದೇ ಫೋನನ್ನು ಸಿಗರೇಟ್ ಲೈಟರ್ ಸಾಕೆಟ್ಟಿನಲ್ಲಿ ಚಾರ್ಜಿಗೂ ಇಟ್ಟಿದ್ದರೆ, ಒಮ್ಮೆ ಚಾರ್ಜರ್ ಕಿತ್ತು ಕೇಳಿ. ಆಂಪೇ ಇಲ್ಲದ ಕಾರುಗಳಲ್ಲಿ ಹೆಚ್ಚಾಗಿ ಕಾಡುವ ಸದ್ದು ಇದೇ, ಒಂದೇ ಫೋನಿಗೆ ಎರಡು ಕಡೆಯಿಂದ ಅರ್ತ್ ಬಂದದ್ದರ ಫಲ. ಇಲ್ಲಿ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡಿದರೂ ಸಾಕು, ಬ್ಲೂಟೂತ್ ಬಳಸಿದರೂ ಸಾಕು.

ಆಂಪ್ ಇರುವ ಕಾರಾದರೆ, ಎಲ್ಲವನ್ನೂ ಆರಿಸಿ, ಆಂಪಿನಿಂದ ಆರ್‌ಸಿಎ ವೈರುಗಳನ್ನು ಕೀಳಬೇಕು. ಒಳತಂತಿ ಮತ್ತು ಹೊರಕವಚವನ್ನು ಒಂದಕ್ಕೊಂದು ಬೆಸೆದ ಖಾಲಿ ಪ್ಲಗ್ಗುಗಳನ್ನು ಆ ಜಾಗಕ್ಕೆ ಚುಚ್ಚಿ ಮತ್ತೆ ಗಾಡಿ ಶುರು ಮಾಡಬೇಕು. ಸದ್ದು ಆಗಲೂ ಇದ್ದರೆ ದೋಷ ಆಂಪಿನ ಪವರ್, ಅರ್ತ್ ಅಥವಾ ಸ್ಪೀಕರ್ ವೈರುಗಳ ಕಡೆಗಿದೆ. ಹೋದರೆ ಅದು ಮುಂದಿನಿಂದ, ಅಂದರೆ ಹೆಡ್ ಯೂನಿಟ್ಟಿನಿಂದಲೋ ಆರ್‌ಸಿಎ ವೈರಿನಿಂದಲೋ ಬರುತ್ತಿದೆ. ಹಳೆಯ ಎರಡು ಪ್ಲಗ್ಗುಗಳಿಂದ ಐದು ನಿಮಿಷದಲ್ಲಿ ಆಗುವ ಈ ಪರೀಕ್ಷೆ ಸಮಸ್ಯೆಯನ್ನು ಸರಿಯಾಗಿ ಎರಡು ಭಾಗ ಮಾಡಿಕೊಡುತ್ತದೆ. ಆದರೆ ನನ್ನ ಕಾರಿಗೆ ಫಿಲ್ಟರ್ ಹಾಕಿದವರು ಇದನ್ನು ಮಾಡಲಿಲ್ಲ, ಮಾಡಿ ಎಂದು ಕೇಳಲು ನನಗೂ ತಿಳಿದಿರಲಿಲ್ಲ.

ಎಲ್ಲವನ್ನೂ ಆರಿಸಿ ಎಂದು ಒತ್ತಿ ಹೇಳಿದ್ದಕ್ಕೆ ಕಾರಣವಿದೆ. ಕೆಲವು ಹೆಡ್ ಯೂನಿಟ್ಟುಗಳ ಒಳಗೆ ಆರ್‌ಸಿಎ ಕವಚದ ಅರ್ತಿನ ದಾರಿಯಲ್ಲಿ ಅಕ್ಕಿಕಾಳಿನಷ್ಟು ಚಿಕ್ಕ ಫ್ಯೂಸ್ ಇರುತ್ತದೆ. ಸ್ಟೀರಿಯೊ ಆನ್ ಇರುವಾಗಲೇ ವೈರು ಕಿತ್ತು ಚುಚ್ಚಿದರೆ ಅದು ಸುಟ್ಟುಹೋಗಬಹುದು, ಹಾಗಾದ ಮೇಲೆ ಅದುವರೆಗೆ ಇಲ್ಲದ ಗುಂಯ್‌ಗುಡುವಿಕೆ ಶುರುವಾಗುತ್ತದೆ. ಸದ್ದು ಹುಡುಕಲು ಹೋದವರೇ ಸದ್ದು ಹುಟ್ಟಿಸಿಬಿಡುವುದು ಹೀಗೆ.

ಪವರ್ ಕೇಬಲ್ಲನ್ನೂ ಆರ್‌ಸಿಎ ವೈರನ್ನೂ ಕಾರಿನ ಬೇರೆಬೇರೆ ಪಕ್ಕಗಳಲ್ಲಿ ಎಳೆಯಬೇಕೆಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಒಳ್ಳೆಯ ಅಭ್ಯಾಸ, ನಾನೂ ಹಾಗೇ ಮಾಡುತ್ತೇನೆ. ಆದರೆ ಅರ್ತಿಂಗ್ ಅಳೆಯದೆ ಸೀಟು, ಮ್ಯಾಟುಗಳನ್ನೆಲ್ಲ ಕಿತ್ತು ವೈರು ಬದಲಿಸುವುದು ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದಂತೆ. ಎಫ್‌ಎಂನಲ್ಲಿ ಮಾತ್ರ ಕರಕರ ಕೇಳಿಸಿ, ಬ್ಲೂಟೂತ್‌ನಲ್ಲಿ ಸ್ವಚ್ಛವಾಗಿದ್ದರೆ ಅದರ ಕಥೆಯೇ ಬೇರೆ. ಅಗ್ಗದ ಯುಎಸ್‌ಬಿ ಚಾರ್ಜರ್, ಡ್ಯಾಶ್ ಕ್ಯಾಮ್, ಹೊರಗಿನಿಂದ ಹಾಕಿಸಿದ ಎಲ್ಇಡಿ ಹೆಡ್‌ಲೈಟುಗಳನ್ನು ಒಂದೊಂದಾಗಿ ಕಿತ್ತು ನೋಡಿ. ಬೆಂಗಳೂರಿನ 102.9ರ ವಿವಿಧ ಭಾರತಿ ಯಾವುದನ್ನು ಕಿತ್ತಾಗ ತಿಳಿಯಾಗುತ್ತದೋ ಅದೇ ಅಪರಾಧಿ.

ಫಿಲ್ಟರ್ ಎಂದು ಮಾರುವ ವಸ್ತು ಮೋಸ ಎನ್ನುವುದು ನನ್ನ ವಾದವಲ್ಲ. ಆರ್‌ಸಿಎ ವೈರಿನ ನಡುವೆ ಹಾಕುವ ಡಬ್ಬಿಯೊಳಗೆ ಸಾಮಾನ್ಯವಾಗಿ ಎರಡು ಪುಟ್ಟ ಟ್ರಾನ್ಸ್‌ಫಾರ್ಮರುಗಳಿರುತ್ತವೆ. ಅವು ಎರಡು ಕಡೆಯ ಅರ್ತ್‌ಗಳ ಸಂಬಂಧವನ್ನು ನಿಜವಾಗಿಯೇ ಕತ್ತರಿಸುತ್ತವೆ. ಆದರೆ ತಗ್ಗಿನ ಸ್ವರಗಳನ್ನು ದಾಟಿಸಲು ಟ್ರಾನ್ಸ್‌ಫಾರ್ಮರಿಗೆ ದೊಡ್ಡ, ಒಳ್ಳೆಯ ಕೋರ್ (ಸುರುಳಿಗಳ ನಡುವಿನ ತಿರುಳು) ಬೇಕು. ಅಗ್ಗದ ಡಬ್ಬಿಯಲ್ಲಿ ಅದು ಇರುವುದಿಲ್ಲ, ಹಾಗಾಗಿ ಬೇಸ್ ಸೊರಗುತ್ತದೆ. ಅರ್ತಿಂಗ್ ನೋಡಿ, ಪ್ಲಗ್ಗಿನ ಪರೀಕ್ಷೆ ಮಾಡಿ, ಎರಡು ಉಪಕರಣಗಳು ಹೇಗೂ ಹೊಂದುವುದಿಲ್ಲ ಎಂದು ಖಾತ್ರಿಯಾದ ಮೇಲೆ ಒಳ್ಳೆಯ ಡಬ್ಬಿ ಹಾಕಿಸಿ, ನನ್ನ ಅಭ್ಯಂತರವಿಲ್ಲ.

ಅಂಗಡಿಯವರನ್ನಷ್ಟೇ ದೂರುವುದೂ ನ್ಯಾಯವಲ್ಲ. ಕೈಯಲ್ಲಿ ಹಿಡಿದು ನೋಡಬಹುದಾದ ಡಬ್ಬಿಗೆ ನಾವು ಚೌಕಾಸಿ ಮಾಡಿಯಾದರೂ ದುಡ್ಡು ಕೊಡುತ್ತೇವೆ. ಅದೇ ಒಬ್ಬ ಹುಡುಗ ಮೀಟರ್ ಹಿಡಿದು ಒಂದು ಗಂಟೆ ಹುಡುಕಿ, ಒಂದು ಬೋಲ್ಟ್ ಉಜ್ಜಿ ಬಿಗಿದರೆ, ‘ಅಷ್ಟಕ್ಕೇ ಇಷ್ಟಾ?’ ಎನ್ನುತ್ತೇವೆ. ಹುಡುಕಿದ ಕೂಲಿ ಹುಟ್ಟದ ಕಡೆ ಡಬ್ಬಿಯೇ ಮಾರಾಟವಾಗುತ್ತದೆ. ಮುಂದಿನ ಸಲ ಅಂಗಡಿಗೆ ಹೋದಾಗ, ಹಾಡು ಜೋರಾಗಿ ಹಾಕಿ ಆಂಪಿನ ಅರ್ತಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ ಎಷ್ಟು ಮಿಲಿವೋಲ್ಟ್ ಇದೆ ಎಂದು ಅಳೆದು ತೋರಿಸಲು ಕೇಳಿ, ಅದಕ್ಕೆ ಕೂಲಿ ಎಷ್ಟೆಂದೂ ಮೊದಲೇ ಕೇಳಿ. ಆ ಅಳತೆ ನೂರು ಮಿಲಿವೋಲ್ಟನ್ನು ದಾಟಿದರೆ ಎಲ್ಲಿ ಕೈಯಿಡಬೇಕೆಂದು ಅವರಿಗೂ ಗೊತ್ತಾಗುತ್ತದೆ, ನಿಮಗೂ ಗೊತ್ತಾಗುತ್ತದೆ.

ನನ್ನ ಕಾರಿನಲ್ಲಿ ಈಗಲೂ ಒಂದು ಸದ್ದಿದೆ. ಎಂಜಿನ್ ಆರಿಸಿ, ಹಾಡು ನಿಲ್ಲಿಸಿ, ಟ್ವೀಟರಿಗೆ (ಏರುಸ್ವರಗಳ ಪುಟ್ಟ ಸ್ಪೀಕರಿಗೆ) ಕಿವಿಯಿಟ್ಟರೆ ಸಣ್ಣಗೆ ಸ್‌ಸ್ ಎನ್ನುತ್ತದೆ. ಅದು ಆಂಪಿನದೇ ಸದ್ದು, ಒಳಬರುವ ಸಂಕೇತವನ್ನು ಎಷ್ಟು ಹಿಗ್ಗಿಸಬೇಕೆಂದು ಹೊಂದಿಸುವ ಗೇನ್ ತಿರುಪನ್ನು ಕಾಲು ಸುತ್ತು ಇಳಿಸಿದಾಗ ಅಷ್ಟಕ್ಕೆ ನಿಂತಿತು. ಎ.ಸಿ.ಯ ಫ್ಯಾನ್ ಒಂದರಲ್ಲಿಟ್ಟರೂ ಕೇಳುವುದಿಲ್ಲ, ಹಾಗಾಗಿ ಅದರ ತಂಟೆಗೆ ನಾನು ಹೋಗಿಲ್ಲ.